ತಿಥಿ ಕಾರ್ಡಿನ ಬಿಳಿ ಚೌಕ

ನಮ್ಮ ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇವೆ. ಒಂದು ಮದುವೆಗೆ, ಒಂದು ಸಾವಿಗೆ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿತು. ಲಗ್ನಪತ್ರಿಕೆ, ಗೃಹಪ್ರವೇಶ, ಹುಟ್ಟುಹಬ್ಬದ ಬ್ಯಾನರ್ ನನ್ನ ಪಾಲು. ತಿಥಿ ಕಾರ್ಡು, ಶ್ರದ್ಧಾಂಜಲಿ ಫ್ಲೆಕ್ಸು ನನ್ನ ಹೆಂಡತಿಯ ಪಾಲು. ಮದುವೆ ಕಾರ್ಡಿಗೆ ಬಂದವರು ಪಕ್ಕದಲ್ಲಿ ಹಾರ ಹಾಕಿದ ಫೋಟೋ ಕಂಡರೆ ಎದ್ದು ಎದುರು ಅಂಗಡಿಗೆ ಹೋಗಿಬಿಡುತ್ತಾರೆ. ಅದಕ್ಕೇ ನಡುವೆ ಒಂದು ಪ್ಲೈವುಡ್ ಅಡ್ಡ ಹೊಡೆಸಿದ್ದೇನೆ. ಕೊರೊನಾ ಬಂದುಹೋದ ಮೇಲಂತೂ ಆ ಕಡೆಗೆ ನಾನು ಇಣುಕಿಯೂ ನೋಡುತ್ತಿರಲಿಲ್ಲ.

ತಿಥಿ ಕಾರ್ಡನ್ನು ಯಾರೂ ಮೊದಲಿಂದ ಮಾಡುವುದಿಲ್ಲ. ಹಿಂದೆ ಸತ್ತವರ ಫೈಲ್ ತೆರೆದು, ಹೆಸರು, ತಾರೀಖು, ಫೋಟೋ ಬದಲಿಸಿ, ಬೇರೆ ಹೆಸರಿನಲ್ಲಿ ಸೇವ್ ಮಾಡುವುದು ಈ ಕಸುಬಿನ ರೂಢಿ. ಬೇರೆ ಅಂಗಡಿಯವರು ಹಳೆಯ ಫೋಟೋ ಅಳಿಸಿ ಹಾಕುತ್ತಾರೆ. ನನ್ನ ಹೆಂಡತಿ ಅಳಿಸುವುದಿಲ್ಲ. ಸತ್ತವರ ಮುಖದ ಮೇಲೆ ಡಿಲೀಟ್ ಒತ್ತಲು ಅವಳಿಗೆ ಕೈ ಬರುವುದಿಲ್ಲ. ಆ ಮುಖದ ಮೇಲೂ ಹೆಸರಿನ ಮೇಲೂ ಬಿಳಿ ಚೌಕ ಎಳೆದು ಮುಚ್ಚುತ್ತಾಳೆ, ಅದರ ಮೇಲೆ ಹೊಸ ಮುಖ ಕೂರಿಸುತ್ತಾಳೆ. "ನೀನು ಕಾರ್ಡು ಮಾಡ್ತೀಯೋ, ಹೆಣಕ್ಕೆ ಬಟ್ಟೆ ಹೊದಿಸ್ತೀಯೋ" ಎಂದು ನಾನು ಎಷ್ಟೋ ಸಲ ಗೇಲಿ ಮಾಡಿದ್ದೇನೆ. ಅವಳು ಒಮ್ಮೆಯೂ ನಕ್ಕವಳಲ್ಲ.

ಇಷ್ಟು ವರ್ಷ ನಾವು ಬಳಸಿದ್ದು ದುಡ್ಡು ಕೊಟ್ಟು ಕೊಳ್ಳಬೇಕಾದ ತಂತ್ರಾಂಶ. ನಾವು ಕೊಟ್ಟಿರಲಿಲ್ಲ. ಯಾರದೋ ಸಿ.ಡಿ.ಯಿಂದ ಹಾಕಿಸಿಕೊಂಡ ಕದ್ದ ಮಾಲು ಅದು, ಈ ಓಣಿಯಲ್ಲಿ ಎಲ್ಲರದೂ ಅದೇ ಕತೆ. ಹೋದ ವರ್ಷ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಹೆಂಡತಿಯ ಕಂಪ್ಯೂಟರ್ ಮುಷ್ಕರ ಹೂಡಿತು. ಇದು ಅಸಲಿ ಪ್ರತಿಯಲ್ಲ ಎಂದು ತೋರಿಸಿ ಬಾಗಿಲು ಹಾಕಿಕೊಂಡಿತು. ಅಷ್ಟು ವರ್ಷದ ಸಾವುಗಳೆಲ್ಲ ಒಳಗೇ ಉಳಿದವು.

ಆ ವಾರವೇ ತಾಳ್ಯದ ಕಡೆಯಿಂದ ಒಬ್ಬ ಹೆಂಗಸು ಬಂದಳು. ಕುರಿ ಸಾಕುವ ಮನೆಯವಳು. ಗಂಡ ಕುರಿಹಟ್ಟಿಯಲ್ಲಿ ಹಾವು ಕಡಿದು ಸತ್ತು ನಾಲ್ಕು ವರ್ಷವಾಗಿತ್ತು. ಆಗ ಫ್ಲೆಕ್ಸು ಮಾಡಿಸಿದ್ದು ನಮ್ಮಲ್ಲೇ.

"ಅಣ್ಣ, ನಮ್ಮನೆಯವ್ರ ಫೋಟೋ ನಿಮ್ ಕಂಪ್ಯೂಟರ್‌ನಾಗೆ ಐತಲ್ಲ, ಅದನ್ನ ತೆಕ್ಕೊಡ್ರಿ" ಅಂದಳು.

"ನಿಮ್ಮ ಹತ್ರ ಇಲ್ವೇನಮ್ಮ?"

"ಫೋನು ಕೆಟ್ಟೋತು. ಫ್ಲೆಕ್ಸು ಕುರಿಹಟ್ಟಿಗೆ ಹೊದಿಸಿದ್ವಿ. ಬಿಸ್ಲಿಗೆ ಮುಖ ಹೋತು, ಹಾರ ಉಳೀತು." ಆಮೇಲೆ ಹೇಳಿದಳು: "ಅವ್ರು ಹೋದಾಗ ಮಗ್ಳು ತೊಟ್ಲಾಗಿದ್ಲು. ಆಧಾರ್ ಕಾರ್ಡು ತೋರ್ಸಿದ್ರೆ, ಇದು ಅಪ್ಪ ಅಲ್ಲ, ಯಾರೋ ಕಳ್ಳ ಅಂತಾಳೆ. ಹಿರಿಯರ ಹಬ್ಬಕ್ಕೆ ಎಡೆ ಇಡ್ಬೇಕು. ಬರೀ ಹಾರಕ್ಕೆ ಹೆಂಗಿಡ್ಲಿ?"

ಭಾನುವಾರ ಬಾರಮ್ಮ ಎಂದು ಕಳಿಸಿದೆ. ಆಮೇಲೆ ದುರ್ಗದಿಂದ ಪ್ರಶ್ನೆಪತ್ರಿಕೆ ಮಾಡಿಸಲು ಬರುವ ಮೇಷ್ಟ್ರೊಬ್ಬರಿಗೆ ಫೋನ್ ಹಚ್ಚಿದೆ. ಅವರು ಬಂದು ಕಂಪ್ಯೂಟರ್ ನಡೆಸಲು ಲಿನಕ್ಸ್ ಹಾಕಿದರು, ಚಿತ್ರ ಬಿಡಿಸುವುದಕ್ಕೆ ಒಂದು ಉಚಿತ ತಂತ್ರಾಂಶವನ್ನೂ ಹಾಕಿದರು. ಹಳೆಯ ಫೈಲುಗಳು ಇದರಲ್ಲೇ ತೆರೆಯುತ್ತವೆ ಅಂದರು.

"ಯಾರ್ದು ಸಾರ್ ಇದು? ಮಾಲೀಕ್ರು ಯಾರು?"

"ಯಾರೂ ಇಲ್ರಿ. ದೇಶ ದೇಶದವ್ರು ಸೇರಿ ಮಾಡಿದ್ದು. ಹೆಂಗೆ ಮಾಡಿದಾರೆ ಅನ್ನೋದೂ ತೆರೆದಿಟ್ಟಿದಾರೆ, ಇದ್ರಾಗೆ ಮುಚ್ಚುಮರೆ ಇಲ್ಲ."

ನನಗದು ಸರಿಬರಲಿಲ್ಲ. ಕಾಣದ ಜನ, ಕೇಳದೆ ಕೊಟ್ಟದ್ದು, ಬದಲಿಗೆ ಏನನ್ನೂ ಬೇಡದ್ದು. ಕದ್ದದ್ದನ್ನು ಇಪ್ಪತ್ತು ವರ್ಷ ಹೆದರದೆ ಬಳಸಿದವನು ಇದನ್ನು ಮುಟ್ಟಲು ಹಿಂದೆಮುಂದೆ ನೋಡಿದೆ.

ಭಾನುವಾರ ಮಧ್ಯಾಹ್ನ ಆಕೆ ಬಂದಾಗ ಹೆಂಡತಿ ಅಡುಗೆಗೆಂದು ಮನೆಗೆ ಹೋಗಿದ್ದಳು. ಓಣಿಯಲ್ಲಿ ನಾಯಿಯೂ ಇರಲಿಲ್ಲ. ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ ನಾನೇ ಸಾವಿನ ಕಂಪ್ಯೂಟರಿನ ಮುಂದೆ ಕೂತು, ಅವಳ ಗಂಡನ ಊರು, ಹೆಸರು ಹುಡುಕಿ ಫೈಲ್ ತೆರೆದೆ.

ತೆರೆದುಕೊಂಡಿತು. ಆದರೆ ಬಿಳಿ ಚೌಕಗಳು ಬಿಳುಪು ಕಳೆದುಕೊಂಡು ಬರೀ ಗೆರೆಗಳಾಗಿ ಬಂದಿದ್ದವು. ಹೆಸರಿನ ಹಿಂದೆ ಹೆಸರು, ತಾರೀಖಿನ ಹಿಂದೆ ತಾರೀಖು. ಅವಳ ಗಂಡನ ಮುಖ ಮೇಲೆ ಸ್ಪಷ್ಟವಾಗಿತ್ತು, ಎಳೆ ಮೀಸೆ, ಹೆಗಲ ಮೇಲೆ ಕಂಬಳಿ. ಆದರೆ ಅವನ ಕೆನ್ನೆಯ ಪಕ್ಕ ಇನ್ನಾರದೋ ಕಿವಿ ಇತ್ತು. ತಲೆಯ ಮೇಲೆ ಬೇರೆಯವರ ಪೇಟದ ಅಂಚು.

"ಇವ್ರೇ ಅಣ್ಣ" ಎಂದು ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು.

ಆ ಫೋಟೋವನ್ನು ಹಿಡಿದು ಪಕ್ಕಕ್ಕೆಳೆದೆ. ಕೆಳಗಿನಿಂದ ಪೇಟದ ಮುದುಕರೊಬ್ಬರು ನನ್ನನ್ನೇ ನೋಡಿದರು. ಭೀಮಸಮುದ್ರದ ಅಡಿಕೆ ಮಂಡಿಯವರು, ನನಗೆ ಗುರುತಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ಕೈ ಕೇಳಲಿಲ್ಲ. ಅವರನ್ನೂ ಎಳೆದೆ. ಒಬ್ಬ ಮುತ್ತೈದೆ. ಅವಳ ಕೆಳಗೆ ಕನ್ನಡಕದ ಒಬ್ಬ ಹುಡುಗಿ. ಎಲ್ಲರ ಕಣ್ಣೂ ಒಂದೇ ಎತ್ತರದಲ್ಲಿ, ಎಲ್ಲರ ಕೊರಳಿಗೂ ಅದೇ ಒಂದು ಹಾರ.

"ಅವ್ಳ ಕೆಳ್ಗೆ ಯಾರಣ್ಣ?" ಎಂದು ಆಕೆ ಮೆಲ್ಲಗೆ ಕೇಳಿದಳು.

ಹುಡುಗಿಯನ್ನು ಎಳೆದೆ. ಕೆಳಗೆ ನಾನಿದ್ದೆ.

ನೀಲಿ ಗೆರೆಯ ಶರ್ಟು, ಬಬ್ಬೂರಿನಲ್ಲಿ ಭಾವಮೈದುನನ ಮದುವೆಗೆ ಹೊಲಿಸಿದ್ದು. ಕಾಲರ್ ಸವೆದ ಮೇಲೆ ಅಂಗಡಿಗೆ ಹಾಕಿಕೊಳ್ಳುತ್ತೇನೆ, ಆವತ್ತೂ ಅದೇ ಮೈಮೇಲಿತ್ತು. ಫೋಟೋದ ಕೆಳಗೆ ನನ್ನ ಹೆಸರು, ಜನನದ ತಾರೀಖು. ಮರಣ ಎಂಬುದರ ಮುಂದೆ ಖಾಲಿ.

ಆಕೆ ಪರದೆ ನೋಡಿದಳು, ನನ್ನ ಶರ್ಟು ನೋಡಿದಳು. ಸ್ಟೂಲನ್ನು ಒಂದಡಿ ಹಿಂದಕ್ಕೆ ಸರಿಸಿಕೊಂಡಳು. ಅಲ್ಲಿಂದಲೇ ಕೇಳಿದಳು: "ಅಣ್ಣ, ಊಟ ಆತಾ?"

"ಇನ್ನೂ ಇಲ್ಲಮ್ಮ" ಅಂದೆ.

ಅವಳ ಗಂಡನ ಮುಖವನ್ನು ಬಿಡಿಸಿ, ದೊಡ್ಡದು ಮಾಡಿ, ಒಳ್ಳೆಯ ಕಾಗದದ ಮೇಲೆ ತೆಗೆದುಕೊಟ್ಟೆ. ಎದೆಗವಚಿಕೊಂಡು ಹೊರಟವಳು ಬಾಗಿಲಲ್ಲಿ ತಿರುಗಿ, ನನ್ನ ಕಾಲ ಕಡೆಗೊಮ್ಮೆ ನೋಡಿ, ಮೆಟ್ಟಿಲಿಳಿದಳು.

ಹೆಂಡತಿ ಊಟದ ಕ್ಯಾರಿಯರ್ ಹಿಡಿದು ಬಂದಾಗ ನಾನು ಇನ್ನೂ ಹಾಗೇ ಕೂತಿದ್ದೆ. ಪರದೆ ಕಂಡು ಅವಳು ಕ್ಯಾರಿಯರ್ ನೆಲದ ಮೇಲಿಟ್ಟಳು. ಕೊರೊನಾದ ಎರಡನೇ ಅಲೆಯಲ್ಲಿ ನಾನು ದುರ್ಗದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದೆ. ಅದರ ಮಾತು ನಾವಿಬ್ಬರೂ ಎತ್ತುವುದಿಲ್ಲ.

"ಇವತ್ತೋ ನಾಳೆಯೋ ಅಂದಿದ್ರು ಡಾಕ್ಟ್ರು" ಅಂದಳು. "ಲಾಕ್‌ಡೌನು, ಬೆಳಗ್ಗೆ ಹತ್ತಕ್ಕೇ ಅಂಗ್ಡಿ ಬಾಗ್ಲು ಹಾಕಿಸ್ತಿದ್ರು. ನಿಮ್ ಕಾರ್ಡು ಬೇರೆಯವ್ರ ಕೈಲಿ ಆಗಬಾರ್ದು ಅಂತ ನಾನೇ ಕುಂತು ಮಾಡ್ದೆ. ತಾರೀಖು ಹಾಕ್ಲಿಲ್ಲ."

"ನಾನು ಬಂದ್ಮೇಲೆ ಅಳಿಸ್ಬೋದಿತ್ತಲ್ಲ."

"ಅಳಿಸಿದ್ರೆ ಏನಾಗ್ತದೋ ಅಂತ ಭಯ ಆತು. ಮುಚ್ಚಿದೆ. ಬರೀ ಮುಚ್ಚಿದ್ರೆ ಸಾಲ್ದು ಅನ್ನಿಸ್ತು. ಆಮೇಲೆ ಬಂದವ್ರನ್ನೆಲ್ಲ ನಿಮ್ ಮ್ಯಾಲೇ ಕೂರಿಸ್ತಾ ಬಂದೆ. ಮ್ಯಾಲೆ ಜನ ಇದ್ರೆ ನಿಮ್ ಕಡೆ ಯಾರ ಕಣ್ಣೂ ಬೀಳಲ್ಲ ಅಂತ." ಕೈಬಳೆ ತಿರುಗಿಸುತ್ತಾ ನಿಂತಳು. "ಆ ತಾಳ್ಯದವಳು ಅವತ್ತು ಇಲ್ಲೇ ನಿಂತು ಅಳ್ತಿದ್ಲು. ನನಗೆ ಒಳಗೊಳಗೇ, ಸದ್ಯ ಇನ್ನೊಬ್ರು ಸಿಕ್ರು ಅನ್ನಿಸ್ತು. ಇಂಥ ಪಾಪಿ ನಾನು."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಮುಖವನ್ನು ಆರಿಸಿ ಡಿಲೀಟ್ ಕೀಲಿಯ ಮೇಲೆ ಬೆರಳಿಟ್ಟೆ. ಅವಳು ಉಸಿರು ಹಿಡಿದದ್ದು ಕೇಳಿಸಿತು. ಬೆರಳು ಕೆಳಗಿಳಿಯಲಿಲ್ಲ. ಇಷ್ಟು ವರ್ಷ ಗೇಲಿ ಮಾಡಿದ ನಾನು, ಹೊಸ ತಂತ್ರಾಂಶದಲ್ಲಿ ಒಂದು ಬಿಳಿ ಚೌಕ ಎಳೆದು ನನ್ನನ್ನು ನಾನೇ ಮುಚ್ಚಿದೆ. ಹುಡುಗಿ, ಮುತ್ತೈದೆ, ಪೇಟದವರು, ಕಂಬಳಿಯವನು, ಎಲ್ಲರನ್ನೂ ಕ್ರಮವಾಗಿ ಮೇಲಿಟ್ಟೆ. ಚೌಕದ ಅಂಚು ಎಲ್ಲೂ ಇಣುಕುತ್ತಿಲ್ಲವಲ್ಲ ಎಂದು ಅವಳು ಬಗ್ಗಿ ನೋಡಿದಳು.

ಎರಡು ದಿನ ಬಿಟ್ಟು ಯಾರೋ ತಂದೆಯ ತಿಥಿ ಕಾರ್ಡಿಗೆ ಬಂದರು. ಹೆಂಡತಿ ಅದೇ ಹಳೆಯ ಫೈಲ್ ತೆರೆದಳು. ನಾನು ಪ್ಲೈವುಡ್ಡಿನ ಈಚೆ ಯಾರದೋ ಲಗ್ನಪತ್ರಿಕೆಗೆ ಗಣಪತಿ ಕೂರಿಸುತ್ತಾ, ಆಚೆ ಅವಳ ಮೌಸ್ ಸದ್ದಿಗೆ ಕಿವಿಗೊಟ್ಟಿದ್ದೆ. ಚೌಕ ಎಳೆದದ್ದು ಗೊತ್ತಾಯಿತು, ಹೊಸ ಮುಖ ಕೂತದ್ದೂ ಗೊತ್ತಾಯಿತು. ಬಂದವರು ಮೂಗು ಒರೆಸಿಕೊಳ್ಳುತ್ತಿದ್ದರು. ನನಗೆ ಎದೆ ಹಗುರಾಯಿತು.