ಅಪ್ಪನ ಹಿತ್ತಾಳೆ ಗುಂಡು

ಆಯುಧಪೂಜೆಯ ಹಿಂದಿನ ದಿನ ಮನೆಯಲ್ಲಿ ನನ್ನದೇ ದರ್ಬಾರು. ವಡೋದರಾ ಹತ್ತಿರದ ಕೊಯಾಲಿ, ರಿಫೈನರಿ ಕ್ವಾರ್ಟರ್ಸು. ಮಿಕ್ಸರ್, ಹೊಲಿಗೆ ಯಂತ್ರ, ಗಂಡನ ಸ್ಕೂಟರ್, ಎಲ್ಲಕ್ಕೂ ಅಂದು ನನ್ನ ಕೈಯಿಂದಲೇ ಸ್ನಾನ. ಕೊನೆಗೆ ಅಪ್ಪನ ಗುಂಡು. ಸೈನ್ಯದ ಅಡುಗೆಮನೆಯಲ್ಲಿದ್ದ ಅಪ್ಪ ಮರುಭೂಮಿಯ ಯಾವುದೋ ಠಾಣೆಯಿಂದ ನೆನಪಿಗೆಂದು ತಂದಿಟ್ಟುಕೊಂಡಿದ್ದ, ಮೊಳದುದ್ದದ ಹಿತ್ತಾಳೆಯ ಫಿರಂಗಿ ಗುಂಡು. "ಹಾರಿಸಿದ ಮ್ಯಾಲೆ ಉಳಿಯೋ ಖಾಲಿ ಸಿಪ್ಪಿ ಅದ ಮಗಳ, ಅಂಜಬ್ಯಾಡ" ಅನ್ನುತ್ತಿದ್ದರು. ಅವರು ಹೋದ ಮೇಲೆ ತವರಿನಿಂದ ನಾನು ಕೇಳಿ ತಂದದ್ದು ಅದೊಂದೇ. ಹದಿನೈದು ವರ್ಷ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೇನೆ, ಚೆಂಡುಹೂ ಏರಿಸಿದ್ದೇನೆ.

ಈ ಸಲ ಕಾಲೇಜಿಗೆ ಹೋಗುವ ಮಗಳು ಬಚ್ಚಲ ಬಾಗಿಲಲ್ಲಿ ನಿಂತು ನೋಡಿದಳು. ಇಲ್ಲೇ ಬೆಳೆದವಳು, ಅವಳ ಕನ್ನಡ ಅಷ್ಟಕ್ಕಷ್ಟೆ.

"ಅವ್ವಾ, ಖಾಲಿ ಇದ್ರ ಬಾಯಿ ಓಪನ್ ಇರಬೇಕಲ್ಲಾ? ಇದಕ್ಕ ಟೋಪಿ ಅದ!"

ಹೌದಲ್ಲ! ಸಿಪ್ಪೆಯ ಬಾಯಲ್ಲಿ, ಹಾರಿಹೋಗಿರಬೇಕಿದ್ದ ಮೊನಚು ಗುಂಡು ಕೂತೇ ಇತ್ತು. ವರ್ಷ ವರ್ಷವೂ ನಾನು ಕುಂಕುಮ ಇಟ್ಟದ್ದು ಅದರ ನೆತ್ತಿಗೇ. ಕೈ ಹಿಂದೆಗೆದೆ.

ಕ್ವಾರ್ಟರ್ಸಿನ ಹೆಂಗಸರಿಗೆ ಆಗಾಗ ಸುರಕ್ಷತೆಯ ಪಾಠ ನಡೆಯುತ್ತದೆ. ಅನುಮಾನದ ವಸ್ತು ಕಂಡರೆ ಮುಟ್ಟಬೇಡಿ, ಕದಲಿಸಬೇಡಿ, ದೂರ ಹೋಗಿ ಪೊಲೀಸರಿಗೆ ತಿಳಿಸಿ. ಅಲ್ಲಿ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ತಲೆ ಆಡಿಸುವವಳು ನಾನೇ.

ಗಂಡ ಬಕೆಟ್ ತಂದರು. "ಇದರಾಗ ಇಟ್ಟು ಗ್ರೌಂಡಿಗೆ ಒಯ್ದು ಬರ್ತೀನಿ."

"ಮುಟ್ಟೀರಿ ಅಂದ್ರ ನೋಡ್ರಿ! ಇದ್ದಲ್ಲೇ ಇರ್ಲಿ. ಮೊದಲು ಹೊರಗ ನಡೀರಿ!"

ಮೇಲಿನ ಮನೆಯವರನ್ನೂ ಪಕ್ಕದವರನ್ನೂ ಕರೆದುಕೊಂಡು ದೂರದ ಬೇವಿನ ಮರದ ಹತ್ತಿರ ಹೋಗಿ ಫೋನ್ ಮಾಡಿದೆ. ಪೊಲೀಸರು ಬಂದರು, ಅವರ ಹಿಂದೆಯೇ ಬಾಂಬ್ ನಿಷ್ಕ್ರಿಯ ದಳ. ಒಳಗೆ ಹೋಗಿ ಬಂದ ಅಧಿಕಾರಿ ಹಿಂದಿಯಲ್ಲಿ ಕೇಳಿದರು: "ಅಕ್ಕಾ, ಇದನ್ನು ತಿಕ್ಕುತ್ತಿದ್ದಿರಾ? ಇದು ಇನ್ನೂ ಜೀವಂತ ಇದೆ, ಒಳಗೆ ಮದ್ದು ಹಾಗೇ ಇದೆ. ಬಯಲಿಗೆ ಒಯ್ದು ನಾಶ ಮಾಡುತ್ತೇವೆ."

ಗಂಡ ಮೆಲ್ಲಗೆ, "ಆಮೇಲೆ ಸಿಪ್ಪೆಯನ್ನಾದರೂ ವಾಪಸ್ ಕೊಡುತ್ತೀರಾ? ಇವಳ ತಂದೆಯದು" ಎಂದರು. ಅಧಿಕಾರಿ ನನ್ನ ಮುಖ ನೋಡಿದರು. ನಾನು ತಡಮಾಡಲಿಲ್ಲ. "ಬೇಡ. ಪೂರಾ ಒಯ್ಯಿರಿ" ಎಂದೆ.

ಸಂಜೆ ನೆನಪಾಯಿತು. ಆ ಗುಂಡು ಊರಿಗೆ ಬಂದದ್ದು ಅಪ್ಪನ ಟ್ರಂಕಿನಲ್ಲಿ. ರೈಲಿನಲ್ಲಿ ಜಾಗವಿಲ್ಲದೆ ಆರು ವರ್ಷದ ನನ್ನನ್ನು ಅದೇ ಟ್ರಂಕಿನ ಮೇಲೆ ಕೂರಿಸಿದ್ದರು. ಹುಬ್ಬಳ್ಳಿ ಬರುವತನಕ ನಾನು ಹಿಮ್ಮಡಿಯಿಂದ ಅದನ್ನು ಒದೆಯುತ್ತಿದ್ದೆ, ಅಪ್ಪ ನಗುತ್ತಿದ್ದರು. ಅವರಿಗೂ ಗೊತ್ತಿರಲಿಲ್ಲ. ಅಪ್ಪನ ಮೇಲೆ ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು.

ಮಾರನೆಯ ದಿನ ಪೂಜೆಯ ಮಣೆಯ ಮೇಲೆ ಗುಂಡಿನ ಜಾಗ ಖಾಲಿ ಇತ್ತು. ಮಗಳನ್ನು ಕರೆದು ಅದರ ಪಾಲಿನ ಕುಂಕುಮ ಅವಳ ಹಣೆಗೆ ಇಟ್ಟೆ.