ದ್ರೌಪದಮ್ಮ ಹೊಲಿದ ಬೆಟ್ಟದ ಚಡ್ಡಿ

ಅಟ್ಟೂರಿನ ದ್ರೌಪದಮ್ಮನಿಗೆ ಸೈಕಲ್ ತುಳಿಯುವವರ ಬಗ್ಗೆ ಅಂಥ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ. ಶನಿವಾರ, ಭಾನುವಾರ ಬೆಳಗಾಗುವ ಹೊತ್ತಿಗೆ ಅವಳು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದರೆ, ಗಿಳಿಹಸಿರು, ಕಿತ್ತಳೆ ಬಣ್ಣದ ಬಿಗಿ ಬಟ್ಟೆ ತೊಟ್ಟು, ತಲೆಗೆ ಬುಟ್ಟಿಯಂಥ ಟೋಪಿ ಬಿಗಿದುಕೊಂಡ ಹತ್ತಾರು ಜನ ಮುಂದಿನ ರಸ್ತೆಯಲ್ಲಿ ಸರ್ರನೆ ಹಾದುಹೋಗುತ್ತಿದ್ದರು. ಎಲ್ಲರ ಬಾಯಲ್ಲೂ ನಂದಿ ಬೆಟ್ಟದ ಮಾತೇ. ಮನೆಯಲ್ಲಿ ಕಾರಿಟ್ಟುಕೊಂಡು ಸೈಕಲ್ ತುಳಿಯುವುದೇಕೆ, ಬೀರು ತುಂಬ ಪ್ಯಾಂಟಿಟ್ಟುಕೊಂಡು ಚಡ್ಡಿಯಲ್ಲಿ ಹೊರಡುವುದೇಕೆ ಎಂಬುದು ಅವಳ ಪ್ರಶ್ನೆ.

"ನಮ್ಮನೆಯವ್ರು ಇಪ್ಪತ್ತೆಂಟು ವರ್ಷ ಸೈಕಲ್ ಮ್ಯಾಲೆ ಸೊಪ್ಪು ಏರ್ಕೊಂಡು ಯಲಹಂಕಕ್ಕೆ ಓದ್ರು. ಒಂದಿನಾನೂ ಇಂಥ ಯೇಸ ಆಕ್ಕೊಂಡಿಲ್ಲ," ಎಂದು ಪಕ್ಕದ ಮನೆಯ ರತ್ನಕ್ಕನಿಗೆ ಹೇಳುತ್ತಿದ್ದಳು. ಒಳಗೆ ಪೇಪರು ಓದುತ್ತ ಕೂತಿರುತ್ತಿದ್ದ ಅವಳ ಗಂಡ ಮುನಿಆಂಜಿನಪ್ಪ ಇದನ್ನು ಕೇಳಿ ಪೇಪರಿನ ಮುಂದಿನ ಪುಟ ತಿರುಗಿಸುತ್ತಿದ್ದ.

ದ್ರೌಪದಮ್ಮನದು ಹೊಲಿಗೆಯ ಕೈ. ಹುಡುಗಿಯಾಗಿದ್ದಾಗ ಯಶವಂತಪುರದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ಬರೀ ಶರ್ಟಿನ ಕಾಲರ್ ಹೊಲಿದಿದ್ದಳು. ತೋಳು ಯಾರು ಹೊಲಿಯುತ್ತಾರೆ, ಗುಂಡಿ ಯಾರು ಹಾಕುತ್ತಾರೆ ಅವಳಿಗೆ ಗೊತ್ತಿರಲಿಲ್ಲ. ಅವಳ ಪಾಲಿಗೆ ಮನುಷ್ಯನೆಂದರೆ ಕುತ್ತಿಗೆ. ಮದುವೆಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ತೆರೆದು ರವಿಕೆಗೆ ಇಳಿದಳು. ಅವಳು ಹೊಲಿದ ರವಿಕೆ ಭುಜದಿಂದ ಜಾರಿದ್ದನ್ನು ಅಟ್ಟೂರಿನಲ್ಲಿ ಯಾರೂ ನೋಡಿಲ್ಲ.

ಹೀಗಿರುವಾಗ ಡಿಸೆಂಬರಿನ ಒಂದು ಶುಕ್ರವಾರ ಸಂಜೆ ಸ್ನೇಹಾ ಎಂಬ ಹುಡುಗಿ ಓಡೋಡಿ ಬಂದಳು. ಹತ್ತಿರದ ಅಪಾರ್ಟ್‌ಮೆಂಟಿನವಳು. ಸೈಕಲ್ ಸವಾರರ ಒಂದು ವಾಟ್ಸಾಪ್ ಗುಂಪಿಗೆ ವಾರವಾರವೂ 'ಹೊಸ ಸರಕು' ಅಂತ ಬರೆಯುತ್ತಿದ್ದಳು. ಮಾರ್ಕೆಟ್ಟಿಗೆ ಬಂದ ಹೊಸ ಹೆಲ್ಮೆಟ್ ಹೇಗಿದೆ, ಹೊಸ ಲೈಟು ಎಷ್ಟು ದೂರ ಬೆಳಗುತ್ತದೆ, ಯಾವ ಶೂ ಕಚ್ಚುತ್ತದೆ, ಹೀಗೆ. ಅವಳ ಕೈಯಲ್ಲಿ ಒಂದು ಕಪ್ಪು ಚಡ್ಡಿಯಿತ್ತು.

"ಆಂಟಿ, ಹಂಪ್ ಮೇಲೆ ಬಿದ್ಬಿಟ್ಟೆ. ಸೈಡ್ ಬಿಟ್ಕೊಂಡಿದೆ ನೋಡಿ. ಇಟಲಿದು, ಹೊಚ್ಚ ಹೊಸದು, ಇನ್ನೂ ರಿವ್ಯೂನೇ ಬರ್ದಿಲ್ಲ. ನಾಳೆ ಸಂಜೆ ಒಳಗೆ ಕೊಡ್ತೀರಾ? ಭಾನುವಾರ ಬೆಟ್ಟಕ್ಕೆ ಹೋಗ್ಬೇಕು."

"ಮಡಗಿ ಓಗವ್ವಾ," ಅಂದಳು ದ್ರೌಪದಮ್ಮ.

ಮರುದಿನ ಚಡ್ಡಿಯನ್ನು ಒಳಮಗ್ಗುಲು ತಿರುಗಿಸಿದವಳೇ ದಂಗಾದಳು. ಕೂರುವ ಜಾಗಕ್ಕೆ ಸರಿಯಾಗಿ ಬೆರಳು ದಪ್ಪದ ಒಂದು ಮೆತ್ತೆ! ಮೊದಲಿಗೆ ಇದು ಫ್ಯಾಕ್ಟರಿಯವರ ಎಡವಟ್ಟು ಅನ್ನಿಸಿತು. ಆಮೇಲೆ, ಪಾಪ, ಹುಡುಗಿ ತೆಳ್ಳಗಿದ್ದಾಳೆ, ತುಂಬಿಕೊಂಡು ಕಾಣಲಿ ಅಂತ ಯಾರೋ ಇಟ್ಟುಕೊಟ್ಟಿರಬೇಕು ಅನ್ನಿಸಿತು. ಹೆಣ್ಣುಮಕ್ಕಳಿಗೆ ಇಂಥ ಮೋಸ ಬೇಡ ಎಂದುಕೊಂಡು ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿ ಮೆತ್ತೆಯನ್ನು ತೆಗೆದಳು. ಸೈಡಿನ ಅಂಚು ಮತ್ತೆ ಬಿಚ್ಚದಂತೆ ಓವರ್‌ಲಾಕ್ ಮಾಡಿ, ಇಸ್ತ್ರಿ ತೀಡಿ, ನಾಲ್ಕು ಮಡಿಕೆ ಮಾಡಿ ಕವರಿಗೆ ಹಾಕಿಟ್ಟಳು. ಸಂಜೆ ಸ್ನೇಹಾ ಕವರನ್ನು ಹಾಗೇ ಬ್ಯಾಗಿಗೆ ತುರುಕಿಕೊಂಡು ಹೋದಳು.

ಮೆತ್ತೆಯನ್ನು ಎಸೆಯಲು ದ್ರೌಪದಮ್ಮನಿಗೆ ಮನಸ್ಸು ಬರಲಿಲ್ಲ. ಬಿಸಿ ಪಾತ್ರೆ ಇಳಿಸಲು ಮಸಿಬಟ್ಟೆ ಹರಿದುಹೋಗಿತ್ತು. ಇದು ಕೈಗೆ ಹೇಳಿ ಮಾಡಿಸಿದಂತಿತ್ತು.

ಸೋಮವಾರ ಬೆಳಿಗ್ಗೆ ಸ್ನೇಹಾ ಬಂದಳು. ನಡಿಗೆ ಬಾತುಕೋಳಿಯದಾಗಿತ್ತು. ಸ್ಟೂಲು ಎಳೆದುಕೊಟ್ಟರೆ ಬೇಡ ಎಂದು ಎರಡೂ ಕೈ ಆಡಿಸಿದಳು.

"ಆಂಟಿ... ಅದರ ಒಳಗಡೆ ಪ್ಯಾಡ್ ಇತ್ತಲ್ಲಾ?"

"ಊಂ ಕಣವ್ವಾ, ತೆಗ್ದಾಕ್ದೆ. ನಿಂಗ್ಯಾಕೆ ಅದೆಲ್ಲ? ಲಕ್ಷಣವಾಗಿದೀಯ."

ಸ್ನೇಹಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಆಂಟಿ, ಸೈಕಲ್ ಚಡ್ಡಿ ಅಂದ್ರೆ ಆ ಪ್ಯಾಡೇ ಆಂಟಿ! ನಿನ್ನೆ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಹಾಕ್ಕೊಂಡೆ. ಏನೋ ಹಗುರ ಅನ್ನಿಸ್ತು, ಡಯಟ್ ಕೆಲಸ ಮಾಡ್ತಿದೆ ಅನ್ಕೊಂಡೆ. ದೇವನಹಳ್ಳಿ ದಾಟೋವಾಗ ಗೊತ್ತಾಯ್ತು."

"ಅಲ್ಲಿಂದ ವಾಪಸ್ ಬರ್ಬೇಕಿತ್ತು!"

"ಎಲ್ರ ಮುಂದೆ ಏನಂತ ಹೇಳ್ಲಿ? ಬೆಟ್ಟ ಹತ್ತಿ ಇಳಿದು ಬಂದೆ."

ಆಗಲೇ ಮುನಿಆಂಜಿನಪ್ಪ ಒಳಗಿಂದ ಕಾಫಿ ಪಾತ್ರೆ ಹಿಡಿದು ಬಂದ. ಪಾತ್ರೆಯ ಅಂಚಿನಲ್ಲಿ, ಅರಿಶಿನ ಮೆತ್ತಿಕೊಂಡು, ಸಾರಿನ ಕಲೆಯಾಗಿ, ಇಟಲಿಯ ಮೆತ್ತೆ ಕೂತಿತ್ತು. ಸ್ನೇಹಾ ಅದನ್ನು ನೋಡಿದಳು. ದ್ರೌಪದಮ್ಮ ಸ್ನೇಹಾಳನ್ನು ನೋಡಿದಳು. ಮೊದಲು ನಕ್ಕವಳು ಸ್ನೇಹಾಳೇ. ನಕ್ಕರೆ ನೋಯುತ್ತದೆ ಎಂದು ನಡುವೆ ನಿಲ್ಲಿಸಿ, ಮತ್ತೆ ನಕ್ಕಳು.

ದ್ರೌಪದಮ್ಮನಿಗೆ ಮಾತ್ರ ನಗು ಬರಲಿಲ್ಲ. ಮೂವತ್ತು ವರ್ಷದಲ್ಲಿ ಅವಳ ಹೊಲಿಗೆಯಿಂದ ಒಬ್ಬರಿಗೂ ನೋವಾಗಿರಲಿಲ್ಲ. "ನಾನೇ ಒಲ್ಕೊಡ್ತೀನಿ. ಅದಕ್ಕಿಂತ ಸಂದಾಗಿ," ಅಂದಳು. ಸ್ನೇಹಾ ಬೇಡವೆಂದರೂ ಕೇಳಲಿಲ್ಲ.

ಮೆತ್ತೆಯ ವಿಷಯ ತಿಳಿಯಬೇಕೆಂದರೆ ಹಳೇ ಯಲಹಂಕದ ಅನ್ವರನೇ ಸರಿ. ಆಟೋ, ಸ್ಕೂಟರುಗಳ ಸೀಟು ಕಟ್ಟುವವನು, ದ್ರೌಪದಮ್ಮನಿಗೆ ಓವರ್‌ಲಾಕ್ ಮಿಷನ್ ಕೊಡಿಸಿದವನೂ ಅವನೇ.

"ಒಳ್ಳೆ ಸ್ಪಂಜ್ ಬೇಕಿತ್ತು ಅನ್ವರಣ್ಣ."

"ಆಟೋಗಾ, ಸ್ಕೂಟರ್‌ಗಾ ಅಕ್ಕಾ?"

"ಎರಡೂ ಅಲ್ಲ."

"ಮತ್ತೆ ಯಾವ ಗಾಡಿ?"

"ಗಾಡಿಗಲ್ಲ. ಗಾಡಿ ಮ್ಯಾಲೆ ಕೂತ್ಕೊಳೋರಿಗೆ."

ಅನ್ವರ್ ಕತ್ತರಿ ಕೆಳಗಿಟ್ಟ. ದ್ರೌಪದಮ್ಮ ಸೆರಗು ಸರಿಮಾಡಿಕೊಂಡು, ಎದುರಿಗಿದ್ದ ಟೈರು ಅಂಗಡಿಯ ಕಡೆ ಮುಖ ಮಾಡಿ, ಇಡೀ ಕಥೆಯನ್ನು ಆ ಟೈರುಗಳಿಗೆ ಹೇಳಿದಳು. ಅನ್ವರ್ ನಗಲಿಲ್ಲ. ಸೀಟಿನ ವಿಷಯದಲ್ಲಿ ಅವನಿಗೆ ತಮಾಷೆ ಸೇರುತ್ತಿರಲಿಲ್ಲ. "ಎಷ್ಟು ಹೊತ್ತು ಕೂರ್ತಾರೆ?" ಎಂದು ಕೇಳಿದ. ಐದು ತಾಸು ಅಂದಾಗ ತಲೆದೂಗಿ, ಒಳಗಿಂದ ಮೂರು ಬಗೆಯ ಸ್ಪಂಜ್ ತಂದ. "ಮೆತ್ತಗಿರೋದು ಬೇಡ ಅಕ್ಕಾ, ಅರ್ಧ ಗಂಟೇಲಿ ಹಪ್ಪಳ ಆಗೋಗುತ್ತೆ. ಮೂಳೆ ಊರೋ ಜಾಗಕ್ಕೆ ಗಟ್ಟಿದು ಹಾಕಿ. ಪಕ್ಕಕ್ಕೆ ಹೋಗ್ತಾ ಹೋಗ್ತಾ ತೆಳ್ಳಗೆ ಮಾಡಿ. ತೊಡೆ ಓಡಾಡ್ಬೇಕಲ್ವಾ?"

ಮೊದಲ ಚಡ್ಡಿ ಎರಡು ದಿನದಲ್ಲಿ ತಯಾರಾಯಿತು. ಅದನ್ನು ಹಾಗೇ ಕೊಟ್ಟು ಆ ಹುಡುಗಿಯನ್ನು ಮತ್ತೆ ಬಾತುಕೋಳಿ ಮಾಡುವ ಧೈರ್ಯ ದ್ರೌಪದಮ್ಮನಿಗಿರಲಿಲ್ಲ. ತಾನೇ ಕೂತು ನೋಡಬೇಕು. ಅದಕ್ಕೆಂದೇ ತನ್ನ ಅಳತೆಗೂ ಒಂದು ಹೊಲಿದಳು. ಹಿತ್ತಲಲ್ಲಿ ಮುನಿಆಂಜಿನಪ್ಪನ ಸೊಪ್ಪಿನ ಸೈಕಲ್ ಇತ್ತು. ಅವನು ಸ್ಟ್ಯಾಂಡ್ ಹಾಕಿ, ಹ್ಯಾಂಡಲ್ ಹಿಡಿದುಕೊಂಡು, ಹೆಂಡತಿಯನ್ನು ಹತ್ತಿಸಿದ. ನೈಟಿಯೊಳಗೆ ಚಡ್ಡಿ ತೊಟ್ಟ ದ್ರೌಪದಮ್ಮ ನಿಂತಲ್ಲೇ ನಿಂತ ಸೈಕಲನ್ನು ತುಳಿಯತೊಡಗಿದಳು.

"ಎಷ್ಟೊತ್ತು ಇಡ್ಕೊಂಡಿರ್ಲಿ?"

"ನೀವು ಓಗ್ರೀ. ಬೀಳಾಕಿಲ್ಲ. ಆ ಅವರೆಕಾಯಿ ಮೊರ ಇಂಗ್ ಕೊಡಿ."

ಸುಮ್ಮನೆ ತುಳಿಯುವುದು ಹೊತ್ತು ಕಳೆದಂತೆ ಅಂತ ಅವಳ ಭಾವನೆ. ಮೊರವನ್ನು ಹ್ಯಾಂಡಲ್ ಮೇಲೆ ಇಟ್ಟುಕೊಂಡು, ಕಾಲು ತಿರುಗಿಸುತ್ತ, ಕಾಯಿ ಸುಲಿಯುತ್ತ ಹೋದಳು. ಗೋಡೆಯಾಚೆಯಿಂದ ರತ್ನಕ್ಕ ಇಣುಕಿದಳು.

"ಇದೇನ್ರೀ ದ್ರೌಪದಕ್ಕ, ಕಾಯಿ ಸುಲಿಯೋಕೆ ಸೈಕಲ್ಲು?"

"ನೆಲದ ಮ್ಯಾಲೆ ಕೂತ್ರೆ ಮಂಡಿ ನೋವು ಕಣ್ರೀ," ಅಂದಳು ದ್ರೌಪದಮ್ಮ, ತುಳಿಯುವುದನ್ನು ನಿಲ್ಲಿಸದೆ.

ಎರಡು ಸೇರು ಅವರೆಕಾಯಿ ಮುಗಿಯುವ ಹೊತ್ತಿಗೆ ಮೊದಲ ಚಡ್ಡಿಯ ತಪ್ಪು ಅವಳಿಗೆ ಮೈಯಲ್ಲೇ ತಿಳಿಯಿತು. ನಟ್ಟನಡುವೆ ಹಾದ ಹೊಲಿಗೆ ಚಾಕುವಿನಂತೆ ಒತ್ತುತ್ತಿತ್ತು. ಎರಡನೆಯದರಲ್ಲಿ ಹೊಲಿಗೆ ಪಕ್ಕಕ್ಕೆ ಸರಿಸಿದಳು. ಆಗ ತೊಡೆ ಉಜ್ಜಿತು. ಮೂರನೆಯದಕ್ಕೆ ಕೂತಾಗ ಇದ್ದಕ್ಕಿದ್ದಂತೆ ಯಶವಂತಪುರ ನೆನಪಾಯಿತು. ಕಾಲರ್ ಕುತ್ತಿಗೆಗೆ ತಾಗುವ ಕಡೆ ಹೊಲಿಗೆಯ ಗಂಟು ಬಂದರೆ ಸೂಪರ್‌ವೈಸರ್ ಇಡೀ ಕಟ್ಟನ್ನೇ ವಾಪಸ್ ಎಸೆಯುತ್ತಿದ್ದ. ಅಂಚನ್ನು ಹೊರಗೆ ಮಡಚಿ, ಒಳಗೆ ನುಣುಪು ಬಿಡುವ ಆ ವಿದ್ಯೆ ಹನ್ನೊಂದು ವರ್ಷ ಬೆರಳಲ್ಲಿ ಇಳಿದಿತ್ತು. ಮೆತ್ತೆಯನ್ನು ಒಂದೇ ತುಂಡಾಗಿ ಕತ್ತರಿಸಿ, ಕಾಲರ್‌ನಂತೆ ತಿರುವಿ ಹೊಲಿದಳು. ಆ ದಿನ ಮೂರು ಸೇರು ಸುಲಿದರೂ ಎಲ್ಲೂ ಏನೂ ಒತ್ತಲಿಲ್ಲ. ರತ್ನಕ್ಕನ ಮನೆಯ ಮೂರು ಸೇರು ಕಾಯನ್ನೂ ತರಿಸಿಕೊಂಡು ಸುಲಿದುಕೊಟ್ಟಳು.

ಸ್ನೇಹಾ ತನ್ನ ಅಳತೆಗೆ ಹಾಗೇ ಹೊಲಿದದ್ದನ್ನು ಹಾಕಿಕೊಂಡು ಬೆಟ್ಟಕ್ಕೆ ಹೋಗಿ, ಅಲ್ಲಿಂದ ನೇರ ಅಂಗಡಿಗೇ ಬಂದಳು. ಯಾರೂ ಹೇಳದೆಯೇ ಸ್ಟೂಲಿನ ಮೇಲೆ ಕೂತಳು. ದ್ರೌಪದಮ್ಮನಿಗೆ ಅಷ್ಟೇ ಸಾಕಿತ್ತು. ಆದರೆ ಸ್ನೇಹಾ ಫೋನು ತೆಗೆದು ಆ ವಾರದ 'ಹೊಸ ಸರಕು' ಓದಿದಳು:

"ಈ ವಾರ ಇಟಲಿಯಿಂದ ಏನೂ ಬಂದಿಲ್ಲ. ಅಟ್ಟೂರಿಂದ ಬಂದಿದೆ. ಹೊಲಿಗೆ ಒತ್ತಲ್ಲ, ಪ್ಯಾಡ್ ಜರುಗಲ್ಲ. ಆರು ಸೇರು ಅವರೆಕಾಯಿ ಟೆಸ್ಟ್ ಆಗಿದೆ. ಒಂದೇ ಕೊರತೆ: ಬಿಸಿ ಪಾತ್ರೆ ಇಳಿಸೋಕೆ ಬರಲ್ಲ."

"ಅಯ್ಯೋ, ಮಸಿಬಟ್ಟೆ ಇಸ್ಯ ಯಾಕವ್ವಾ ಬರ್ದೆ? ಅಳಿಸು ಅಳಿಸು!"

"ನೂರ ನಲವತ್ತು ಜನ ಓದಾಯ್ತು ಆಂಟಿ."

ಮುಂದಿನ ವಾರದಿಂದ ಹೆಂಗಸರು ಬರತೊಡಗಿದರು. ಹೆಬ್ಬಾಳದಿಂದ, ಬಾಗಲಗುಂಟೆಯಿಂದ, ಒಬ್ಬಳು ಮಾಕಳಿಯಿಂದ ಸೈಕಲ್ ತುಳಿದುಕೊಂಡೇ ಬಂದಳು. ಎಲ್ಲರೂ ಅಳತೆ ಕೊಟ್ಟು, ಹೊರಡುವ ಮುಂಚೆ ದನಿ ತಗ್ಗಿಸಿ ಒಂದೇ ಮಾತು ಹೇಳುತ್ತಿದ್ದರು. ಜಾರದಿರಲೆಂದು ಭುಜದ ಮೇಲೆ ಪಟ್ಟಿ ಬರುವ ಚಡ್ಡಿಯೇ ದೂರದ ದಾರಿಗೆ ಒಳ್ಳೆಯದು. ಆದರೆ ಬಾತ್‌ರೂಮಿಗೆ ಹೋಗಬೇಕೆಂದರೆ ಮೇಲಂಗಿಯೂ ಸೇರಿ ಎಲ್ಲ ಬಿಚ್ಚಬೇಕು. ಅದಕ್ಕೇ ಬಿಸಿಲಲ್ಲೂ ನೀರು ಕುಡಿಯದೆ ತುಳಿಯುತ್ತಾರಂತೆ.

ದ್ರೌಪದಮ್ಮನಿಗೆ ನಿಜಕ್ಕೂ ಸಿಟ್ಟು ಬಂತು. "ಇದನ್ನ ಗಂಡಸ್ರೇ ಒಲ್ದಿರ್ಬೇಕು," ಅಂದಳು. ಡ್ರಾಯರ್ ಎಳೆದು ರವಿಕೆಯ ಹುಕ್ಕಿನ ಪೊಟ್ಟಣ ತೆಗೆದಳು. ಬೆನ್ನ ಹಿಂದೆ, ಸೊಂಟದ ನೇರಕ್ಕೆ ಚಡ್ಡಿಯನ್ನು ಕತ್ತರಿಸಿ ಏಳು ಹುಕ್ಕು ಕೂರಿಸಿದಳು. ಬಿಚ್ಚಿದರೆ ಹಿಂಭಾಗವಷ್ಟೇ ಕೆಳಗಿಳಿಯುತ್ತದೆ, ಪಟ್ಟಿ ಭುಜದ ಮೇಲೇ ಇರುತ್ತದೆ. ಕಣ್ಣು ಮುಚ್ಚಿಕೊಂಡು ಬೆನ್ನ ಹಿಂದೆ ಹುಕ್ಕು ಹಾಕುವುದನ್ನು ಈ ನಾಡಿನ ಹೆಂಗಸರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಾಕಳಿಯವಳು ಅಂಗಡಿಯ ಪರದೆಯ ಹಿಂದೆ ಒಮ್ಮೆ ಹಾಕಿ ಬಿಚ್ಚಿ ನೋಡಿದವಳೇ, ಹೊರಗೆ ಬಂದು ಎರಡು ಲೋಟ ನೀರು ಕೇಳಿ ಕುಡಿದಳು.

ಹೆಬ್ಬಾಳದ ಕಡೆಯ ಒಂದು ಸೈಕಲ್ ಅಂಗಡಿಯವನು ಕಾರಿನಲ್ಲಿ ಬಂದು, ಚಿಕ್ಕದು, ನಡುವಿನದು, ದೊಡ್ಡದು ಅಂತ ಮೂರು ಸೈಜಿನಲ್ಲಿ ನೂರು ಬೇಕೆಂದ. "ಮೂರೇ ತರ ಎಂಗಸ್ರು ಇದಾರಾ ನಿಮ್ಮೂರಲ್ಲಿ?" ಎಂದು ಕೇಳಿದಳು ದ್ರೌಪದಮ್ಮ. ಬೇಕಾದವರು ಬಂದು ಅಳತೆ ಕೊಡಲಿ ಅಂದು, ಕಾಫಿ ಕೊಟ್ಟು ಕಳಿಸಿದಳು.

ಫೆಬ್ರವರಿಯಲ್ಲಿ ಅನ್ವರನ ಹೆಂಡತಿ ಗಜಾಲಾ ಬಂದಳು. ವಯಸ್ಸು ನಲವತ್ತೆರಡು. ಗಂಡ ಸ್ಪಂಜ್ ಕತ್ತರಿಸುವಾಗೆಲ್ಲ ಈ ಕಥೆ ಕೇಳಿ ಕೇಳಿ, ತಾನೂ ಸೈಕಲ್ ಕಲಿತಿದ್ದಳು. ಚೂಡಿದಾರದ ಒಳಗೆ ಕಾಣದ ಹಾಗೆ ಒಂದು ಬೇಕಿತ್ತು. ದ್ರೌಪದಮ್ಮ ಟೇಪು ಹಿಡಿದು ಸೊಂಟ, ತೊಡೆ ಬರೆದುಕೊಂಡು, ಈಗೀಗ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದಳು.

"ಎಷ್ಟು ದೂರ ಓಗ್ತೀಯ ತಾಯಿ?"

ಗಜಾಲಾ ನಾಚಿಕೊಂಡಳು. "ಸದ್ಯಕ್ಕೆ ಅಟ್ಟೂರು ಕೆರೆವರೆಗೆ ಅಕ್ಕಾ. ತೆಳ್ಳಗಿರೋದೇ ಹಾಕಿ, ಸಾಕು."

ದ್ರೌಪದಮ್ಮ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಅವಳ ಹೆಸರಿನ ಮುಂದೆ 'ಬೆಟ್ಟ' ಎಂದು ಬರೆದಳು.

"ದಪ್ಪದ್ದೇ ಆಕ್ತೀನಿ. ಇನ್ನೆರಡು ತಿಂಗ್ಳಿಗೆ ಮತ್ತೆ ಬಿಚ್ಚಿ ಒಲಿಯೋ ಕೆಲ್ಸ ಯಾರಿಗೆ ಬೇಕು?" ಅಂದು ಟೇಪನ್ನು ಕುತ್ತಿಗೆಗೆ ಹಾಕಿಕೊಂಡಳು.