ಬೆಲ್ಲ ನೀರಿನ ದಾರಿ

ಮೊನ್ನೆ ಪಕ್ಕದ ಬೀದಿಯ ಒಂದು ಮನೆಗೆ ಹೋದಾಗ ಆ ಮನೆ ಅಜ್ಜಿ ಹಳೇ ಪದ್ಧತಿಯಂತೆ ಒಂದಚ್ಚು ಬೆಲ್ಲ, ಒಂದು ಚೊಂಬು ನೀರು ತಂದಿಟ್ಟರು. ಬೇಡ ಅನ್ನಲಾರದೆ ಬೆಲ್ಲವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದೆ. ನನಗೆ ಸಕ್ಕರೆ ಕಾಯಿಲೆ ಅಂತ ಡಾಕ್ಟರು ಹೇಳಿ ಎಂಟು ದಿನವಾಗಿತ್ತು. ಮನೆಯಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ದಾರಿಯುದ್ದಕ್ಕೂ ನಮ್ಮಪ್ಪನ ನೆನಪಾಗಿ ಒಬ್ಬಳೇ ನಕ್ಕೆ.

ಆಗ ನಾನು ಚಿಕ್ಕ ಹುಡುಗಿ, ಮಹಾರಾಜರ ಕಾಲ. ಅಜ್ಜಂಪುರದ ಹತ್ತಿರ ನಮ್ಮ ಹೊಲ, ತೆಂಗಿನ ತೋಟ. ಅಪ್ಪನ ಕಾಲಿನ ಗಾಯ ತಿಂಗಳಾದರೂ ಮಾಯದೆ ಬೀರೂರಿಗೆ ಹೋಗಿ ತೋರಿಸಿದರೆ, ಅಲ್ಲಿನ ಡಾಕ್ಟರು, "ಸಕ್ಕರೆ ಕಾಯಿಲೆ ಗೌಡ್ರೇ. ಇದಕ್ಕೆ ಔಷಧಿ ಕಮ್ಮಿ, ಪಥ್ಯ ಜಾಸ್ತಿ. ಸಿಹಿ ಬಿಡಿ, ಗಾಯ ಮಾದ ಮೇಲೆ ದಿನಾ ನಡೀರಿ. ಇಲ್ದಿದ್ರೆ ಮೊದ್ಲು ಕಾಲು ಹೋಗುತ್ತೆ, ಆಮೇಲೆ ನೀವು" ಅಂದರಂತೆ.

ಅಪ್ಪನಿಗಿಲ್ಲದ್ದು ಯಾರಿಗೂ ಇಲ್ಲ ಎಂಬುದು ಅಮ್ಮನ ಕಾಯಿದೆ. ಯುಗಾದಿಯ ದಿನ ಊರವರೆಲ್ಲ ಬೇವು ಬೆಲ್ಲ ತಿಂದರೆ ನಾವು ಬರೀ ಬೇವು ತಿಂದೆವು ನೋಡಿ! ನನ್ನ ಮುಖ ನೋಡಿದವರು ಕಾಯಿಲೆ ನನಗೇ ಅಂದುಕೊಂಡಿರಬೇಕು.

ಗಾಯ ಮಾಯಿತು, ನಡಿಗೆ ಶುರುವಾಯಿತು. ಕೆಲಸವಿಲ್ಲದೆ ನಡೆಯುವ ಗಂಡಸನ್ನು ನಮ್ಮ ಕಡೆ ಯಾರು ಕಂಡಿದ್ದರು ಹೇಳಿ! ಅಪ್ಪ ಶಿವನಿ ದಾರಿ ಹಿಡಿದರೆ ಜಗಲಿ ಜಗಲಿಯಿಂದ ಕೂಗು: "ಎತ್ಲಾಗೆ ಗೌಡ್ರೇ? ಒಂದ್ ಗಳಿಗೆ ಕೂತ್ಕೊಂಡ್ ಹೋಗಿ." ಕೂತರೆ ಬೆಲ್ಲ ನೀರು. ಬೇಡ ಅಂದರೆ ಆ ಮನೆಗೆ ಅವಮಾನ. ಅಪ್ಪನೋ ಮಹಾ ದಾಕ್ಷಿಣ್ಯದ ಮನುಷ್ಯ. ನಿಜ ಹೇಳಬೇಕೆಂದರೆ ಆಸೆಬುರುಕನೂ ಹೌದು.

ಅಂತೂ ನಡೆದಷ್ಟೂ ಕಾಯಿಲೆ ಹೆಚ್ಚಿತು. ಕಾಲಲ್ಲಿ ಮತ್ತೆ ಗಾಯ ಕಂಡಾಗ ಅಮ್ಮ ಕೇಳಿದಳು: "ಎಷ್ಟ್ ಮನೇಲಿ ಕೂತಿದ್ರಿ?"

"ಏಳೋ, ಎಂಟೋ..." ಅಂದ ಅಪ್ಪ, ಗೋಡೆ ನೋಡುತ್ತ.

ಮಾರನೇ ದಿನ ಅಮ್ಮ ಸೆರಗು ಸಿಗಿಸಿಕೊಂಡು ಹೊರಟಳು, ಹಿಂದೆ ನಾನು. ಒಂದೊಂದು ಬಾಗಿಲಲ್ಲೂ ಅದೇ ಮಾತು: "ನಮ್ಮೋರಿಗೆ ಬೆಲ್ಲ ಕೊಡೋದೂ ಒಂದೇ, ನನ್ ತಾಳಿ ಕಿತ್ಕೊಳ್ಳೋದೂ ಒಂದೇ ಕಣ್ರವ್ವ."

ಸುದ್ದಿ ತಿಳಿದು ಅಪ್ಪನ ಸಿಟ್ಟು ನೆತ್ತಿಗೇರಿತು. "ಊರ್ತುಂಬ ನನ್ ಮಾನ ಕಳ್ದ್ ಬಂದ್ಯೇನೇ?"

"ನೀವೇ ಹೋಗ್ಬಿಟ್ರೆ ನಿಮ್ ಮಾನ ಇಟ್ಕೊಂಡ್ ಏನ್ ಮಾಡ್ಲಿ, ಗೂಟಕ್ಕೆ ತಗಲಾಕ್ಲಾ?" ಅಂದವಳು ಗೊಳೋ ಎಂದು ಅತ್ತುಬಿಟ್ಟಳು. ಅಮ್ಮ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ತುಂಬ ಹೆದರಿದೆ.

ಅಪ್ಪ ಅವಳ ಪಕ್ಕ ಬಂದು ಕೂತ. ಆಮೇಲೆ, "ಗಾಯ ವಾಸಿ ಆಗ್ಲಿ, ನೀನೂ ಜತೇಗೆ ಬಾ. ನನ್ ನಾಲ್ಗೆ ಮೇಲೆ ನಂಗೇ ನಂಬ್ಕೆ ಇಲ್ಲ ಕಣೇ" ಅಂದ.

ದೇವಸ್ಥಾನಕ್ಕಲ್ಲ, ಹೊಲಕ್ಕಲ್ಲ, ಗಂಡ ಹೆಂಡತಿ ಸುಮ್ಮನೆ ಪಕ್ಕಪಕ್ಕ ನಡೆದರೆ ಊರು ಬಿಟ್ಟೀತೇ? "ಮದ್ಮಕ್ಳು ಬಂದ್ರು ಕಣ್ರೋ!" ಅಂತ ಜಗಲಿಗಳೆಲ್ಲ ನಕ್ಕವು. ನಕ್ಕವರೇ ಎದ್ದು ಹೋಗಿ ಮಜ್ಜಿಗೆ ತಂದುಕೊಟ್ಟರು. ಅಪ್ಪ ನನ್ನ ಎರಡೂ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಾಡುವಷ್ಟು ಕಾಲ ಬದುಕಿದ.

ಇವತ್ತು ಸಂಜೆ ನಮ್ಮ ಯಜಮಾನರಿಗೆ ನನ್ನ ಕಾಯಿಲೆಯ ವಿಷಯ ಹೇಳಿಬಿಟ್ಟೆ. "ಇಷ್ಟ್ ದಿನ ಒಬ್ಳೇ ಇಟ್ಕೊಂಡಿದ್ಯಾ?" ಅಂದರು. ಓದುತ್ತಿದ್ದ ಪೇಪರ್ ಮಡಿಸಿಟ್ಟು, ಕೋಟು ತೊಟ್ಟು ಬಾಗಿಲಲ್ಲಿ ನಿಂತರು.

"ಏಳು, ಕತ್ಲಾಗೋದ್ರೊಳಗೆ ಒಂದ್ ಸುತ್ತು ಹೋಗ್ಬರೋಣ."